ಜೀನ್ ಎಲ್ಲಿ ಶುರುವಾಗುತ್ತೆ, ಎಲ್ಲಿ ಮುಗಿಯುತ್ತೆ? ಒಬ್ಬ ವಿದ್ಯಾರ್ಥಿನಿಗೆ ಉತ್ತರ ಕೊಡಬೇಕಿದೆ

ಚಾಕ್‌ಪೀಸ್
ಎಲ್ಲರಿಗೂ ನಮಸ್ಕಾರ. ನಾನು ಜೀವಶಾಸ್ತ್ರ ಪಾಠ ಮಾಡ್ತೀನಿ. ನಿನ್ನೆ ಬೋರ್ಡಿನ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದು "ಇದು ಡಿಎನ್‌ಎ" ಅಂದೆ. ನಡುವೆ ಗೇಣುದ್ದ ದಪ್ಪಗೆ ತೀಡಿ "ಇದು ಜೀನ್" ಅಂದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಮಿಸ್, ಆ ದಪ್ಪ ಗೆರೆ ಅಲ್ಲೇ ಯಾಕೆ ಶುರುವಾಯ್ತು? ಅಲ್ಲೇ ಯಾಕೆ ನಿಲ್ತು?"

ಪಠ್ಯಪುಸ್ತಕದ ವಾಕ್ಯ ಬಾಯಿಗೆ ಬಂತು: ಆನುವಂಶೀಯತೆಯ ಮೂಲ ಘಟಕ. ಆದರೆ ಅದು ಅವಳ ಪ್ರಶ್ನೆಗೆ ಉತ್ತರ ಅಲ್ಲ ಅಂತ ಹೇಳುವಾಗಲೇ ಗೊತ್ತಾಯ್ತು. ಮನೆಗೆ ಬಂದು ನಾಲ್ಕು ಪುಸ್ತಕ ತೆಗೆದೆ, ನಾಲ್ಕರಲ್ಲೂ ಬೇರೆ ಬೇರೆ ಇದೆ. ಸೋಮವಾರ ಅವಳ ಮುಂದೆ ನಿಲ್ಲಬೇಕು. ತಿಳಿದವರು ಹೇಳಿ, ಜೀನ್ ಅಂದರೆ ನಿಖರವಾಗಿ ಏನು?

ಒಂದೇಮಾತು
ಒಂದು ಪ್ರೋಟೀನ್‌ಗೆ ಸಂಕೇತ ಇರುವ ಡಿಎನ್‌ಎ ತುಂಡು. ಇದರಲ್ಲಿ ಗೊಂದಲ ಏನಿದೆ?

ಪಿಪೆಟ್_ಹಿಡಿದವ
ಇದೆ ಸರ್. ಜೀನಿನಿಂದ ಮೊದಲು ತಯಾರಾಗುವುದು ಆರ್‌ಎನ್‌ಎ ಅನ್ನುವ ನಕಲು. ಪ್ರೋಟೀನ್ ಕಟ್ಟುವ ಯಂತ್ರವಾದ ರೈಬೋಸೋಮಿನ ಆರ್‌ಎನ್‌ಎ ಮಾಡುವ ಜೀನ್‌ಗಳು ಪ್ರೋಟೀನ್ ಮಾಡುವುದಿಲ್ಲ. ಅವಿಲ್ಲದೆ ಒಂದು ಪ್ರೋಟೀನೂ ತಯಾರಾಗಲ್ಲ. ಮನುಷ್ಯರೂ ಸೇರಿ ಬಹುಪಾಲು ಹೆಣ್ಣು ಸಸ್ತನಿಗಳ ಜೀವಕೋಶಗಳಲ್ಲಿ ಎರಡು ಎಕ್ಸ್ ವರ್ಣತಂತುಗಳ ಪೈಕಿ ಒಂದನ್ನು ಸುಮ್ಮನಾಗಿಸುವ ಕ್ಸಿಸ್ಟ್ ಜೀನ್ ಇದೆಯಲ್ಲ, ಅದರ ಕೊನೆಯ ಉತ್ಪನ್ನ ಆರ್‌ಎನ್‌ಎ ಮಾತ್ರ. ಒಂದು ಪುಟ್ಟ ದುಂಡುಹುಳದ ಲಿನ್-4 ಜೀನ್ ಕೊಡುವುದು ಬರೀ 22 ಅಕ್ಷರದಷ್ಟು (ಅಕ್ಷರ ಅಂದರೆ ಡಿಎನ್‌ಎ, ಆರ್‌ಎನ್‌ಎ ಸರಪಳಿಯ ಒಂದೊಂದು ಕೊಂಡಿ) ಆರ್‌ಎನ್‌ಎ ಅಂತ 1993ರಲ್ಲಿ ಗೊತ್ತಾಯ್ತು. ಆ ಕೆಲಸಕ್ಕೇ ಆಂಬ್ರೋಸ್ ಮತ್ತು ರವ್ಕುನ್ ಅವರಿಗೆ 2024ರಲ್ಲಿ ನೊಬೆಲ್ ಬಂತು. ನಿಮ್ಮ ವ್ಯಾಖ್ಯೆ ಹಿಡಿದರೆ ಇವು ಯಾವುವೂ ಜೀನ್ ಅಲ್ಲ.

ಮೇಡಂ, ನಿಮ್ಮ ವಿದ್ಯಾರ್ಥಿನಿ ಕೇಳಿದ್ದು ಗಡಿಯ ಪ್ರಶ್ನೆ. ಅಲ್ಲಿಗೇ ಬರೋಣ. ಪ್ರೋಟೀನಿನ ಮೊದಲ ಅಕ್ಷರದಿಂದ ಶುರು ಅನ್ನೋಣವೇ? ಹಾಗಂದರೆ ಆರ್‌ಎನ್‌ಎ ನಕಲು ಅದಕ್ಕಿಂತ ಮುಂಚೆಯೇ ಶುರುವಾಗಿರುತ್ತೆ. ನಕಲು ಶುರುವಾಗುವ ಜಾಗದಿಂದ ಅಂದರೆ, "ಇಲ್ಲಿಂದ ನಕಲು ಮಾಡು" ಅಂತ ಹೇಳುವ ಪ್ರವರ್ತಕ ಭಾಗ ಬಹುಪಾಲು ಅದಕ್ಕೂ ಹಿಂದೆ ಕೂತಿರುತ್ತೆ. ಅದನ್ನೂ ಸೇರಿಸಿಕೊಂಡರೆ, ಆ ಪ್ರವರ್ತಕವನ್ನು ಎಬ್ಬಿಸುವ ತುಣುಕು ಎಷ್ಟೋ ಸಾವಿರ ಅಕ್ಷರ ದೂರ ಇರುತ್ತೆ. ಎಲ್ಲಿ ಗೂಟ ಹೊಡೀತೀರಿ?

ಸಾಲುಸಾಲು
ನಾನು ಸಾಫ್ಟ್‌ವೇರ್‌ನವನು, ತಪ್ಪಿದ್ದರೆ ತಿದ್ದಿ. ಜೀನ್ ಅಂದರೆ ಪ್ರೋಗ್ರಾಮಿನೊಳಗಿನ ಒಂದು ಫಂಕ್ಷನ್ ಇದ್ದ ಹಾಗೆ ಅಲ್ವಾ? ಶುರು ಇದೆ, ಕೊನೆ ಇದೆ, ಕರೆದರೆ ಕೆಲಸ ಮಾಡುತ್ತೆ. ಎಲ್ಲಿಂದ ಕರೀತಾರೆ ಅನ್ನೋದು ಫಂಕ್ಷನ್ನಿನ ಭಾಗ ಅಲ್ಲ.

ಹುಳುಹುಡುಕ
ಸಾಲುಸಾಲು ಅಣ್ಣಾ, ಹಂಗಿದ್ರ ಎಷ್ಟು ಛಲೋ ಇತ್ತು. ನಿಮ್ಮ ಫಂಕ್ಷನ್ನಿನ ಸಾಲುಗಳನ್ನ ಎರಡನೇ ಅಕ್ಷರದಿಂದ ಓದಿದ್ರ ಇನ್ನೊಂದು ಫಂಕ್ಷನ್ ಆಗ್ತದೇನು? ಇಲ್ಲಿ ಆಗ್ತದ್ರಿ.

ಮನುಷ್ಯರ 9ನೇ ವರ್ಣತಂತುವಿನಾಗ ಸಿಡಿಕೆಎನ್2ಎ ಅಂತ ಒಂದು ಜೀನ್ ಅದ. ಅದರಿಂದ ಪಿ16 ಅನ್ನೋ ಪ್ರೋಟೀನೂ ಬರ್ತದ, ಎಆರ್‌ಎಫ್ ಅನ್ನೋ ಪ್ರೋಟೀನೂ ಬರ್ತದ. ಜೀನ್ ತುಣುಕು ತುಣುಕಾಗಿರ್ತದ, ಜೋಡಿಸಿ ಓದೋದು. ಎರಡಕ್ಕೂ ಮೊದಲ ತುಣುಕು ಬ್ಯಾರೆ, ಎರಡನೇ ತುಣುಕು ಒಂದೇ. ಆದ್ರ ಆ ಒಂದೇ ತುಣುಕನ್ನ ಪಿ16 ಒಂದು ಚೌಕಟ್ಟಿನಾಗ (ಅಂದ್ರ ಅಕ್ಷರಗಳನ್ನ ಮೂರು ಮೂರಾಗಿ ಗುಂಪು ಮಾಡಿ) ಓದ್ತದ, ಎಆರ್‌ಎಫ್ ಆ ಗುಂಪನ್ನ ಸರಿಸಿ ಬ್ಯಾರೆ ಚೌಕಟ್ಟಿನಾಗ ಓದ್ತದ. ಪ್ರೋಟೀನ್ ಎರಡಕ್ಕೂ ಒಂದಕ್ಕೊಂದು ಹೋಲಿಕೆನೇ ಇಲ್ಲ. ಎರಡೂ ಕ್ಯಾನ್ಸರ್ ತಡೀತಾವ, ಬ್ಯಾರೆ ಬ್ಯಾರೆ ದಾರಿಯಿಂದ. ಇದು ಒಂದು ಜೀನೋ ಎರಡೋ ನೀವೇ ಹೇಳ್ರಿ.

ನಾ ಹಣ್ಣುನೊಣದ ಜೋಡಿ ಕೆಲಸ ಮಾಡಾಂವ. ನೊಣದಾಗ ಡಿಸ್‌ಕ್ಯಾಮ್ ಅಂತ ಒಂದು ಜೀನ್. ತುಣುಕುಗಳನ್ನ ಬ್ಯಾರೆ ಬ್ಯಾರೆ ರೀತಿ ಜೋಡಿಸಿದ್ರ 38,016 ರೂಪ ಬರಬಹುದು. ನೊಣದ ಒಟ್ಟು ಜೀನ್ ಎಣಿಸಿದ್ರೂ ಅಷ್ಟು ಆಗಂಗಿಲ್ಲ.

ಸಾಲುಸಾಲು
ಒಂದೇ ಸಾಲನ್ನು ಎರಡು ಚೌಕಟ್ಟಿನಲ್ಲಿ ಓದೋದು... ಇದು ಅಪರೂಪದ ಅಪವಾದ ತಾನೇ? ಅಪವಾದ ಇಟ್ಟುಕೊಂಡು ನಿಯಮ ಬಿಡೋಕಾಗುತ್ತಾ?

ಹುಳುಹುಡುಕ
ಮೊದಲು ಪೂರ್ತಿ ಓದಿದ ಡಿಎನ್‌ಎ ಜೀನೋಮಿನಾಗೇ ಇದು ಸಿಕ್ತು ನೋಡ್ರಿ. 1977ರಾಗ ಸ್ಯಾಂಗರ್ ತಂಡದವರು ಫೈಎಕ್ಸ್174 ವೈರಸ್ ಓದಿದ್ರು, ಸುಮಾರು 5,400 ಅಕ್ಷರ. ಅದು ಮಾಡೋ ಪ್ರೋಟೀನ್‌ಗಳಿಗೆ ಅಷ್ಟು ಜಾಗ ಸಾಲಂಗೇ ಇರ್ಲಿಲ್ಲ. ನೋಡಿದ್ರ ಒಂದು ಜೀನಿನ ಹೊಟ್ಟಿಯಾಗ ಇನ್ನೊಂದು ಜೀನ್ ಕೂತಿತ್ತು.

ನಿವೃತ್ತ_ಮೇಷ್ಟ್ರು
ಮಗೂ ಚಾಕ್‌ಪೀಸ್, ನಿನ್ನ ವಿದ್ಯಾರ್ಥಿನಿಗೆ ನನ್ನ ಶಹಭಾಸ್ ಹೇಳು. ಈ ಪ್ರಶ್ನೆಗೆ ನೂರು ವರ್ಷ ದಾಟಿದೆ. ಸ್ವಲ್ಪ ಹಿಂದಿನಿಂದ ಬರುತ್ತೇನೆ, ತಾಳ್ಮೆ ಇರಲಿ.

"ಜೀನ್" ಅನ್ನುವ ಪದ ಹುಟ್ಟಿದ್ದು 1909ರಲ್ಲಿ, ಡೆನ್ಮಾರ್ಕಿನ ಯೋಹಾನ್ಸನ್ ಅವರಿಂದ. ಈ ಪದಕ್ಕೆ ಯಾವ ಊಹೆಯನ್ನೂ ಅಂಟಿಸಬೇಡಿ ಅಂತ ಅವರೇ ಬರೆದಿದ್ದರು. ಅದು ವಸ್ತುವೋ, ಆಕಾರ ಏನು, ಎಲ್ಲಿದೆ, ಇದೊಂದನ್ನೂ ಹೇಳದೆ, ಗುಣಗಳು ಪೀಳಿಗೆಯಿಂದ ಪೀಳಿಗೆಗೆ ಹೋಗುವ ಲೆಕ್ಕಕ್ಕೆ ಒಂದು ಹೆಸರು ಬೇಕಿತ್ತು, ಅಷ್ಟೇ. ಆಮೇಲೆ ಅಮೆರಿಕದ ತಳಿವಿಜ್ಞಾನಿ ಮಾರ್ಗನ್ ಅವರ ಹಣ್ಣುನೊಣದ ಪ್ರಯೋಗದ ಕೋಣೆಯಲ್ಲಿ 1913ರಲ್ಲಿ ಸ್ಟರ್ಟೆವಂಟ್ ಎಂಬ ವಿದ್ಯಾರ್ಥಿ ವರ್ಣತಂತುವಿನ ಮೇಲೆ ಜೀನ್‌ಗಳ ಮೊದಲ ನಕ್ಷೆ ಬರೆದ. ನಕ್ಷೆ ಬಂದಮೇಲೂ ಮಾರ್ಗನ್ 1934ರ ತಮ್ಮ ನೊಬೆಲ್ ಭಾಷಣದಲ್ಲಿ, ಜೀನ್ ನಿಜವಾದ ವಸ್ತುವೋ ಬರೀ ಕಲ್ಪನೆಯೋ ಅನ್ನುವುದರಲ್ಲಿ ತಳಿವಿಜ್ಞಾನಿಗಳಿಗೇ ಒಮ್ಮತ ಇಲ್ಲ ಅಂದರು. ಒಮ್ಮತ ಇಲ್ಲದೆಯೇ ಕೆಲಸ ನಡೆದಿತ್ತು!

ಆ ಕಾಲದಲ್ಲಿ ಜೀನ್ ಅಂದರೆ ಹಾರದ ಮಣಿ. ಒಡೆಯುವುದಿಲ್ಲ. ಕೆಲಸದ ಘಟಕವೂ ಅದೇ, ಬದಲಾವಣೆಯ ಘಟಕವೂ ಅದೇ, ಜೋಡಿ ವರ್ಣತಂತುಗಳ ನಡುವಿನ ಅದಲುಬದಲಿನ ಘಟಕವೂ ಅದೇ. 1950ರ ದಶಕದಲ್ಲಿ ಬೆಂಜರ್ ಎಂಬ ವಿಜ್ಞಾನಿ ಬಂದು ಈ ಮಣಿಯನ್ನು ಒಡೆದರು. ಟಿ4 ಅನ್ನುವ ವೈರಸ್ಸಿನ ಒಂದೇ ಚಿಕ್ಕ ಪ್ರದೇಶದಲ್ಲಿ ನೂರಾರು ಕಡೆ ದೋಷಗಳನ್ನು ಗುರುತಿಸಿ, ಮೂರೂ ಘಟಕಗಳ ಅಳತೆ ಬೇರೆ ಬೇರೆ ಅಂತ ತೋರಿಸಿದರು. ಮೂರಕ್ಕೂ ಮೂರು ಹೆಸರಿಟ್ಟರು. ಕೆಲಸದ ಘಟಕಕ್ಕೆ ಇಟ್ಟ "ಸಿಸ್ಟ್ರಾನ್" ಒಂದೇ ಉಳಿದದ್ದು.

ಅವರು ಬಳಸಿದ ಪರೀಕ್ಷೆಯನ್ನು ಹುಡುಗಿಗೆ ಹೇಳಿಕೊಡು, ಬಲು ಚೆಂದ. ಕೆಟ್ಟುಹೋದ ಎರಡು ವೈರಸ್‌ಗಳನ್ನು ಒಂದೇ ಬ್ಯಾಕ್ಟೀರಿಯಾದೊಳಕ್ಕೆ ಒಟ್ಟಿಗೆ ಬಿಡು. ಇವನಲ್ಲಿ ಕೆಟ್ಟದ್ದನ್ನು ಅವನು, ಅವನಲ್ಲಿ ಕೆಟ್ಟದ್ದನ್ನು ಇವನು ತುಂಬಿಕೊಟ್ಟು ಬೆಳೆದರೆ ದೋಷಗಳು ಎರಡು ಬೇರೆ ಜೀನ್‌ಗಳಲ್ಲಿವೆ. ಬೆಳೆಯದಿದ್ದರೆ ಒಂದೇ ಜೀನಿನಲ್ಲಿವೆ. ಗಡಿ ಗೆರೆ ಕಣ್ಣಿಗೆ ಕಾಣದೆ ಇದ್ದಾಗಲೂ ಗಡಿ ಎಲ್ಲಿದೆ ಅಂತ ಹೇಳಲು ಒಂದು ದಾರಿ ಸಿಕ್ಕಿತು.

ಪದಪ್ರಿಯ
ವಿಷಯಾಂತರ ಮಾಡ್ತಿದ್ದೇನೆ, ಕ್ಷಮಿಸಿ. ಎಲ್ಲರೂ "ಜೀನ್" ಅಂತಲೇ ಬರೀತಿದ್ದೀರಲ್ಲ, "ವಂಶವಾಹಿ" ಅನ್ನುವ ಒಳ್ಳೆಯ ಪದ ಇದೆ. "ಗುಣಾಣು" ಅಂತಲೂ ಬಳಸುತ್ತಾರೆ. ಕನ್ನಡದಲ್ಲಿ ಜೀನು ಅಂದರೆ ಕುದುರೆಯ ಬೆನ್ನಿಗೆ ಹಾಕುವ ತಡಿ, ಜೀನ ಅಂದರೆ ಜಿಪುಣ.

ಪಿಪೆಟ್_ಹಿಡಿದವ
ಪದಪ್ರಿಯರೇ, ಇದು ವಿಷಯಾಂತರ ಅಲ್ಲವೇ ಅಲ್ಲ. "ವಂಶವಾಹಿ" ಪದ ನನಗೂ ಇಷ್ಟ, ಆದರೆ ಅದು ಅರ್ಧ ಮಾತ್ರ ಹೇಳುತ್ತೆ. ನೀವು ಇದನ್ನು ಓದುತ್ತಿರುವ ಈ ಕ್ಷಣದಲ್ಲಿ ನಿಮ್ಮ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಜೀನಿನ ನಕಲು ತಯಾರಾಗುತ್ತಿದೆ. ಆ ಜೀವಕೋಶದಲ್ಲಿರುವ ಜೀನು ಮುಂದಿನ ಪೀಳಿಗೆಗೆ ಹೋಗುವುದೇ ಇಲ್ಲ. ಅಲ್ಲಿ ಜೀನ್ ವಂಶವನ್ನು ಹೊರುತ್ತಿಲ್ಲ, ದಿನದ ದುಡಿಮೆ ಮಾಡ್ತಿದೆ. "ಗುಣಾಣು" ಅಂದರೆ ಮತ್ತೆ ಹಳೇ ಮಣಿಯೇ: ಒಂದು ಗುಣಕ್ಕೆ ಒಂದು ಅಣು.

ಪದಪ್ರಿಯ
ಇದನ್ನು ಯೋಚಿಸಿರಲಿಲ್ಲ. ಆದರೂ ಪದ ಬಿಟ್ಟುಕೊಡಲಾರೆ. ಪದದ ಅರ್ಥ ಬಳಕೆಯಲ್ಲಿ ಹಿಗ್ಗುತ್ತದೆ. "ಜೀನ್" ಪದದ ಅರ್ಥವೂ ಹಿಗ್ಗಿಲ್ಲವೇ?

ಸಾಲುಸಾಲು
ಹಿಗ್ಗಲಿ ಬಿಡಿ. ನನ್ನ ತಕರಾರು ಇಷ್ಟೇ: ಮನುಷ್ಯರಲ್ಲಿ ಸುಮಾರು 20,000 ಜೀನ್ ಅಂತ ಎಲ್ಲಾ ಕಡೆ ಬರೀತಾರೆ. ಏನು ಅಂತಲೇ ಗೊತ್ತಿಲ್ಲದ್ದನ್ನು ಎಣಿಸಿದ್ದು ಹೇಗೆ?

ದತ್ತಾಂಶ_ದಾಸ
ಜೀನೋಮ್ ದತ್ತಾಂಶವನ್ನು ಗುರುತು ಹಾಕುವ ಕೆಲಸದಲ್ಲಿದ್ದೇನೆ, ದಿನಾ ಇದೇ ಪಾಡು. 20,000 ಅನ್ನುವುದು ಪ್ರೋಟೀನ್ ಮಾಡುವ ಜೀನ್‌ಗಳ ಲೆಕ್ಕ ಮಾತ್ರ. ಆರ್‌ಎನ್‌ಎ ಜೀನ್‌ಗಳನ್ನೂ ಸೇರಿಸಿದರೆ ಸಂಖ್ಯೆ ಎರಡು ಪಟ್ಟು ದಾಟುತ್ತೆ, ಪ್ರತಿ ಹೊಸ ಆವೃತ್ತಿಗೂ ಬದಲಾಗುತ್ತೆ.

2000ದಲ್ಲಿ ಜೀನೋಮ್ ಯೋಜನೆಯ ವಿಜ್ಞಾನಿಗಳೇ ಪಂದ್ಯ ಕಟ್ಟಿದ್ದರು, ಮನುಷ್ಯರ ಜೀನ್ ಎಷ್ಟು ಅಂತ. ಒಂದೂವರೆ ಲಕ್ಷಕ್ಕಿಂತ ಹೆಚ್ಚು ಅಂದವರೂ ಇದ್ದರು. 2003ರಲ್ಲಿ ಗೆದ್ದದ್ದು 25,947 ಅಂದವರು, ಬಂದ ಊಹೆಗಳಲ್ಲಿ ಅದೇ ಎಲ್ಲಕ್ಕಿಂತ ಕಡಿಮೆ. ಗಮನಿಸಬೇಕಾದ್ದು ಏನಂದರೆ, ಆ ಪಂದ್ಯಕ್ಕೂ ಮೊದಲು "ಜೀನ್ ಅಂದರೆ ಏನು" ಅಂತ ನಿಯಮ ಬರೆಯಬೇಕಾಯ್ತು, ಪ್ರೋಟೀನ್ ಮಾಡುವುದಷ್ಟೇ ಲೆಕ್ಕಕ್ಕೆ ಅಂತ. ಹಾಗಾಗಿ ಸಾಲುಸಾಲು ಅವರೇ, ನಿಮ್ಮ ಪ್ರಶ್ನೆ ಸರಿಯಾಗೇ ಇದೆ. ಎಣಿಸುವ ಮೊದಲು ಗೆರೆ ಎಳೆಯಲೇಬೇಕು. ಗೆರೆ ಸರಿಸಿದರೆ ಎಣಿಕೆಯೂ ಸರಿಯುತ್ತೆ.

ಮನುಷ್ಯರ ಜೀನ್‌ಗಳಿಗೆ ಹೆಸರಿಡುವ ಸಮಿತಿಯ ವ್ಯಾಖ್ಯೆಯೂ ಇದೆ: ಜೀವಿಯ ಗುಣಕ್ಕೆ ಅಥವಾ ಕೆಲಸಕ್ಕೆ ಕಾಣಿಕೆ ಕೊಡುವ ಡಿಎನ್‌ಎ ತುಣುಕು. ಕೆಲಸ ಗೊತ್ತಿಲ್ಲದಿದ್ದರೆ ಅಕ್ಷರಕ್ರಮ, ನಕಲು, ಅಥವಾ ಬೇರೆ ಜೀನ್‌ಗಳ ಜೊತೆಗಿನ ಹೋಲಿಕೆ ನೋಡಿ ನಿರ್ಧರಿಸಬಹುದು. "ಅಥವಾ" ಎಷ್ಟು ಸಲ ಬಂತು ನೋಡಿ. ಪ್ರತಿ "ಅಥವಾ" ಹಿಂದೆಯೂ ನಿಜವಾದ ಒಂದು ತೊಡಕು ಇದೆ.

ಗಡಿ ಬಿಡಿ, ಹೆಸರು ಉಳಿಸಿಕೊಳ್ಳೋದೇ ಕಷ್ಟ. ಸೆಪ್ಟ್1, ಮಾರ್ಚ್1 ಅಂತ ಜೀನ್‌ಗಳಿದ್ದವು. ಎಕ್ಸೆಲ್ ಹಾಳೆಗೆ ಹಾಕಿದ ತಕ್ಷಣ ಅವು ತಾರೀಖಾಗಿಬಿಡ್ತಿದ್ದವು. 2020ರ ಹೊತ್ತಿಗೆ ಅವುಗಳ ಹೆಸರನ್ನೇ ಬದಲಿಸಿದರು.

ಒಂದೇಮಾತು
ನಾನು ಪಟ್ಟು ಬಿಡಲ್ಲ. ಇವೆಲ್ಲ ತಜ್ಞರ ತರ್ಕ. ಸಾಮಾನ್ಯರಿಗೆ, ರೋಗಿಗಳಿಗೆ ಪ್ರೋಟೀನ್ ವ್ಯಾಖ್ಯೆ ಸಾಕು. ಮಕ್ಕಳ ತಲೆ ಯಾಕೆ ಕೆಡಿಸಬೇಕು?

ಮುಂಗುರುಳು
ಇಷ್ಟೊತ್ತು ಸುಮ್ಮನೆ ಓದ್ತಿದ್ದೆ, ಈ ಮಾತಿಗೆ ಉತ್ತರ ಕೊಡಲೇಬೇಕು ಅನ್ನಿಸ್ತು.

ನಮ್ಮ ಚಿಕ್ಕಮ್ಮನ ಮೊಮ್ಮಗನಿಗೆ ನಾಲ್ಕು ವರ್ಷ ಆಗುವಷ್ಟರಲ್ಲಿ ಕಾಲಿನ ಶಕ್ತಿ ಕುಂದೋಕೆ ಶುರುವಾಯ್ತು. ನೆಲದಿಂದ ಏಳಬೇಕಾದರೆ ಮೊಣಕಾಲಿನ ಮೇಲೆ ಕೈ ಊರಿ, ತೊಡೆ ಹತ್ತಿದ ಹಾಗೆ ಏಳ್ತಿದ್ದ. ವೈದ್ಯರು ಸ್ನಾಯುಗಳಿಗೆ ಬೇಕಾದ ಡಿಸ್ಟ್ರೋಫಿನ್ ಅನ್ನುವ ಪ್ರೋಟೀನಿನ ಜೀನಿನ ತೊಂದರೆ ಇರಬಹುದು ಅಂತ ರಕ್ತ ಪರೀಕ್ಷೆಗೆ ಕಳಿಸಿದರು. "ಜೀನಿನಲ್ಲಿ ದೋಷ ಕಂಡುಬಂದಿಲ್ಲ" ಅಂತ ವರದಿ ಬಂತು. ಮನೆಯವರೆಲ್ಲ ಖುಷಿಪಟ್ಟೆವು. ಕಾಯಿಲೆ ಮಾತ್ರ ಜಾಸ್ತಿ ಆಗ್ತಾ ಹೋಯ್ತು. ಒಂದೂವರೆ ವರ್ಷದ ನಂತರ ಬೇರೊಬ್ಬ ವೈದ್ಯರು ಸ್ನಾಯುವಿನ ಚೂರು ತೆಗೆದು ಅದರ ಆರ್‌ಎನ್‌ಎ ನೋಡಿಸಿದರು. ದೋಷ ಅದೇ ಜೀನಿನಲ್ಲಿತ್ತು. ಮೊದಲ ಪರೀಕ್ಷೆ ಪ್ರೋಟೀನ್ ಮಾಡುವ ತುಣುಕುಗಳನ್ನು ಮಾತ್ರ ಓದಿತ್ತಂತೆ. ನಡುವಿನ ಜಾಗವನ್ನು ನೋಡಿರಲೇ ಇಲ್ಲ, ಇದ್ದದ್ದು ಅಲ್ಲೇ.

ವರದಿಯಲ್ಲಿ ಬರೆದಿದ್ದ "ಜೀನ್" ಅನ್ನುವ ಪದದ ಅರ್ಥ ಏನು ಅಂತ ಅವತ್ತು ಯಾರಾದರೂ ನಮಗೆ ಹೇಳಿದ್ದರೆ ಆ ಒಂದೂವರೆ ವರ್ಷ ಹೀಗೆ ಕಳೆದುಹೋಗ್ತಿರಲಿಲ್ಲ. ಸಾಮಾನ್ಯರಿಗೇ ಇದು ಬೇಕು ಸರ್.

ಒಂದೇಮಾತು
ಕ್ಷಮಿಸಿ ಅಮ್ಮಾ. ಇದು ಗೊತ್ತಿರಲಿಲ್ಲ. ಮಗು ಈಗ ಹೇಗಿದ್ದಾನೆ?

ಮುಂಗುರುಳು
ಚಿಕಿತ್ಸೆ ನಡೀತಿದೆ. ಶಾಲೆಗೆ ಹೋಗ್ತಾನೆ, ಚಿತ್ರ ಚೆನ್ನಾಗಿ ಬರೀತಾನೆ. ಕೇಳಿದ್ದಕ್ಕೆ ಧನ್ಯವಾದ.

ಪಿಪೆಟ್_ಹಿಡಿದವ
ಮುಂಗುರುಳು ಅಕ್ಕಾ, ನೀವು ಹೇಳಿದ್ದರ ಹಿಂದಿನ ಅಳತೆ ನೋಡಿದರೆ ಎಲ್ಲರಿಗೂ ಅರ್ಥ ಆಗುತ್ತೆ. ಡಿಸ್ಟ್ರೋಫಿನ್ ಜೀನಿನ ಉದ್ದ ಸುಮಾರು 22 ಲಕ್ಷ ಅಕ್ಷರ. ಒಂದು ಸಲ ಪೂರ್ತಿ ನಕಲು ಮಾಡೋಕೆ ಹದಿನಾರು ಗಂಟೆ ಹಿಡಿಯುತ್ತೆ. ಅದರಲ್ಲಿ ಕೊನೆಗೆ ಉಳಿಸಿಕೊಳ್ಳುವ ತುಣುಕುಗಳು 79, ಎಲ್ಲ ಸೇರಿ 14,000 ಅಕ್ಷರ. ಅಂದರೆ ಶೇಕಡಾ ಒಂದಕ್ಕಿಂತ ಕಡಿಮೆ. ಮಿಕ್ಕದ್ದನ್ನೆಲ್ಲ ಜೀವಕೋಶವೇ ಕತ್ತರಿಸಿ ಎಸೆಯುತ್ತೆ. ಎಸೆಯುವ ಭಾಗದೊಳಗೆ ಒಂದು ಅಕ್ಷರ ಬದಲಾಗಿ ಅದು "ನನ್ನನ್ನೂ ಉಳಿಸಿಕೊ" ಅನ್ನುವ ಗುರುತಿನಂತೆ ಕಂಡರೆ ಮುಗೀತು, ಬೇಡದ ತುಣುಕು ನಡುವೆ ಸೇರಿಕೊಂಡು ಪ್ರೋಟೀನ್ ಕೆಡುತ್ತೆ.

ಈ ಕತ್ತರಿಸಿ ಜೋಡಿಸುವ ವಿಷಯ ಗೊತ್ತಾಗಿದ್ದೇ 1977ರಲ್ಲಿ, ಶಾರ್ಪ್ ಮತ್ತು ರಾಬರ್ಟ್ಸ್ ಅವರಿಂದ. ಅಲ್ಲಿವರೆಗೆ ಜೀನ್ ಒಂದೇ ತುಂಡು ಅಂತಲೇ ನಂಬಿದ್ದರು.

ಹುಳುಹುಡುಕ
ವರದಿ ವಿಷಯ ಬಂತಂತ ಹೇಳ್ತೀನ್ರಿ. "ನಿಮಗ ಸ್ತನ ಕ್ಯಾನ್ಸರಿನ ಬ್ರಾಕಾ1 ಜೀನ್ ಅದ" ಅಂತ ಜನ ಹೆದರಿಸ್ತಾರ. ಬ್ರಾಕಾ1 ಎಲ್ಲರಿಗೂ ಅದ, ಹುಟ್ಟಿದಾಗಿಂದ ಅದ, ಇರಲೇಬೇಕು. ಮುರಿದ ಡಿಎನ್‌ಎ ರಿಪೇರಿ ಮಾಡೋದೇ ಅದರ ಕೆಲಸ. ಅಪಾಯ ಇರೋದು ಅದರ ಕೆಟ್ಟ ರೂಪದಿಂದ. ಜೀನ್ ಬ್ಯಾರೆ, ಜೀನಿನ ರೂಪ ಬ್ಯಾರೆ. ಪತ್ರಿಕೆಯವರು ಇದೊಂದು ತಿದ್ದಿಕೊಂಡ್ರ ಎಷ್ಟು ಜನರ ನಿದ್ದಿ ಉಳೀತದ.

ಸಾಲುಸಾಲು
ಹಾಗಾದರೆ "ಗುಣಕ್ಕೆ ಜೀನ್" ಅನ್ನುವುದು ಒಂದು ಅರ್ಥ, "ಡಿಎನ್‌ಎ ತುಣುಕು" ಅನ್ನುವುದು ಇನ್ನೊಂದು ಅರ್ಥ. ಎರಡಕ್ಕೂ ಒಂದೇ ಹೆಸರಿಟ್ಟಿದ್ದೇ ತಪ್ಪು. ಎರಡು ಹೆಸರಿಡಿ, ಗೊಂದಲ ಮುಗಿಯುತ್ತೆ.

ನಿವೃತ್ತ_ಮೇಷ್ಟ್ರು
ಅಷ್ಟು ಸುಲಭವಾಗಿ ಬೇರೆ ಮಾಡಬೇಡಪ್ಪಾ. ಮೆಂಡೆಲ್ ಅವರ ಸುಕ್ಕು ಬಟಾಣಿ ಗೊತ್ತಲ್ಲ. ಅವರ ಪಾಲಿಗೆ ಅದು ಬರೀ ಲೆಕ್ಕದ "ಅಂಶ". 1990ರಲ್ಲಿ ಆ ಅಂಶ ಯಾವುದು ಅಂತ ಡಿಎನ್‌ಎಯಲ್ಲಿ ಸಿಕ್ಕಿತು. ಪಿಷ್ಟಕ್ಕೆ ಕವಲು ಹಾಕುವ ಕಿಣ್ವದ ಜೀನಿನೊಳಗೆ ಸುಮಾರು 800 ಅಕ್ಷರದ ಪರಕೀಯ ತುಣುಕೊಂದು ಬಂದು ಕೂತಿತ್ತು. ಕಿಣ್ವ ಕೆಟ್ಟಿತು, ಪಿಷ್ಟ ಕಡಿಮೆಯಾಯಿತು, ಸಕ್ಕರೆ ಉಳಿಯಿತು. ಸಕ್ಕರೆ ಹೆಚ್ಚಿದ ಬೀಜ ನೀರು ಜಾಸ್ತಿ ಹೀರುತ್ತದೆ, ಒಣಗಿದಾಗ ಸಿಪ್ಪೆ ಸಡಿಲವಾಗಿ ಮುದುಡುತ್ತದೆ. ಮೆಂಡೆಲ್ ಬೆರಳಲ್ಲಿ ಮುಟ್ಟಿ ನೋಡಿದ ಸುಕ್ಕು ಅದು. ಗುಣದ ಜೀನೂ ತುಣುಕಿನ ಜೀನೂ ಅಲ್ಲಿ ಒಂದೇ ಆಗಿ ಸಿಕ್ಕವು. ಒಂದೇ ಹೆಸರು ಉಳಿದಿರುವುದಕ್ಕೆ ಕಾರಣ ಇದೆ.

ಪಿಪೆಟ್_ಹಿಡಿದವ
ಮೇಷ್ಟ್ರೇ, ಬಟಾಣಿಯಲ್ಲಿ ಒಂದಾದವು, ಒಪ್ಪಿದೆ. ಹೆಬ್ಬೆರಳಿನ ಪಕ್ಕ ಆರನೇ ಬೆರಳು ಬರುವ ಒಂದು ಬಗೆ ತಗೊಳ್ಳಿ. ಅದರ ಕಾರಣ ಎಲ್‌ಎಂಬಿಆರ್1 ಅನ್ನುವ ಜೀನಿನೊಳಗಿನ ಎಸೆಯುವ ಭಾಗದಲ್ಲಿದೆ. ಆದರೆ ಎಲ್‌ಎಂಬಿಆರ್1ಗೂ ಬೆರಳಿಗೂ ಸಂಬಂಧ ಇಲ್ಲ. ಅಲ್ಲಿ ಕೂತಿರುವ ಸ್ವಿಚ್ಚು ಸುಮಾರು 10 ಲಕ್ಷ ಅಕ್ಷರ ಆಚೆ ಇರುವ ಸೋನಿಕ್ ಹೆಡ್ಜ್‌ಹಾಗ್ ಅನ್ನುವ ಜೀನಿನದು. ಗುಣದ ಲೆಕ್ಕದಲ್ಲಿ ಆ ಸ್ವಿಚ್ಚು ಸೋನಿಕ್ ಹೆಡ್ಜ್‌ಹಾಗಿನ ಭಾಗ. ಜಾಗದ ಲೆಕ್ಕದಲ್ಲಿ ಎಲ್‌ಎಂಬಿಆರ್1ರ ಭಾಗ. ಇಲ್ಲಿ ಏನು ಹೇಳ್ತೀರಿ?

ನಿವೃತ್ತ_ಮೇಷ್ಟ್ರು
ಯಾವ ಪ್ರಶ್ನೆ ಕೈಯಲ್ಲಿದೆಯೋ ಅದಕ್ಕೆ ತಕ್ಕ ಗೆರೆ ಎಳೆಯಿರಿ, ಯಾವ ಪ್ರಶ್ನೆಗಾಗಿ ಎಳೆದಿರಿ ಅಂತಲೂ ಪಕ್ಕದಲ್ಲಿ ಬರೆಯಿರಿ ಅನ್ನುತ್ತೇನೆ. ಬೆಂಜರ್ ಮಾಡಿದ್ದು ಅದನ್ನೇ. ಗೆರೆ ಎಳೆದು ಕಾರಣ ಹೇಳದಿದ್ದಾಗಲೇ ಆ ಮಗುವಿನ ವರದಿಯಂಥದ್ದು ಆಗುವುದು.

ಮುಂಗುರುಳು
ಹೌದು. ಅದನ್ನೇ ಬರೆದಿದ್ದರೆ ಸಾಕಿತ್ತು.

ಚಾಕ್‌ಪೀಸ್
ಎಲ್ಲವನ್ನೂ ಎರಡೆರಡು ಸಲ ಓದಿದೆ. ಮುಂಗುರುಳು ಅವರೇ, ನಿಮ್ಮ ಮಾತು ರಾತ್ರಿಯೆಲ್ಲ ಕಾಡಿತು.

ಹೀಗೆ ಮಾಡೋಣ ಅಂದುಕೊಂಡಿದ್ದೇನೆ. ಬೋರ್ಡಿನ ಮೇಲೆ ಲ್ಯಾಕ್ಟೇಸ್ ಜೀನ್ ಬರೀತೀನಿ, ಹಾಲಿನ ಸಕ್ಕರೆ ಅರಗಿಸುವ ಕಿಣ್ವದ್ದು. ಎಡಗಡೆ ಅದರ ನೆರೆಯ ಎಂಸಿಎಂ6 ಜೀನ್. ಗಡಿ ನಾನು ಹಾಕಲ್ಲ, ಮಕ್ಕಳೇ ಹಾಕಲಿ. ಸರಿ ಹೋಗುತ್ತಾ?

ದತ್ತಾಂಶ_ದಾಸ
ಒಳ್ಳೆ ಆಯ್ಕೆ ಮೇಡಂ. ಲ್ಯಾಕ್ಟೇಸ್ ನಕಲು ಶುರುವಾಗುವ ಜಾಗದಿಂದ ಹಿಂದಕ್ಕೆ 13,910ನೇ ಅಕ್ಷರಕ್ಕೆ ಒಂದು ಚುಕ್ಕಿ ಇಡಿ. ಅದು ಎಂಸಿಎಂ6ರೊಳಗಿನ ಎಸೆಯುವ ಭಾಗದಲ್ಲಿ ಬೀಳುತ್ತೆ. ಅಲ್ಲಿ ಸಿ ಬದಲು ಟಿ ಇದ್ದವರಲ್ಲಿ ದೊಡ್ಡವರಾದಮೇಲೂ ಲ್ಯಾಕ್ಟೇಸ್ ತಯಾರಾಗ್ತಾನೇ ಇರುತ್ತೆ. ಬೇರೆ ಕೆಲವು ಸಮುದಾಯಗಳಲ್ಲಿ ಅದೇ ಕೆಲಸವನ್ನು ಅಕ್ಕಪಕ್ಕದ ಬೇರೆ ಅಕ್ಷರಗಳು ಮಾಡ್ತವೆ.

ಹುಳುಹುಡುಕ
ಮೂರು ಬಣ್ಣದ ಚಾಕ್ ಒಯ್ರಿ. ಪ್ರೋಟೀನಿಗೆ ಒಂದು, ನಕಲಿಗೆ ಒಂದು, ಸ್ವಿಚ್ಚಿಗೆ ಒಂದು.

ಚಾಕ್‌ಪೀಸ್
ಈಗಷ್ಟೇ ತರಗತಿ ಮುಗಿಸಿ ಬಂದೆ. ಒಬ್ಬ ಹುಡುಗ ಪ್ರೋಟೀನ್ ತುಣುಕುಗಳಿಗಷ್ಟೇ ಬಣ್ಣ ಹಚ್ಚಿ ಕೂತ. ಇನ್ನೊಬ್ಬ ನಕಲಿನ ಉದ್ದಕ್ಕೂ ಎಳೆದ. ಅವಳು ಬಂದಳು, ಚುಕ್ಕಿ ನೋಡಿದಳು, ಚುಕ್ಕಿಯಿಂದ ಲ್ಯಾಕ್ಟೇಸ್ ತನಕ ಕಮಾನಿನ ಹಾಗೆ ಗೆರೆ ಎಳೆದು, ಚುಕ್ಕಿಯ ಕೆಳಗೆ ಎರಡೂ ಜೀನಿನ ಹೆಸರು ಬರೆದಳು. "ಜಾಗ ಇವರದು, ಕೆಲಸ ಅವರದು ಮಿಸ್" ಅಂದಳು. ಎಂಸಿಎಂ6ರ ಸ್ವಂತ ಕೆಲಸ ಏನು ಅಂತಲೂ ಕೇಳಿದಳು. ಜೀವಕೋಶ ಎರಡಾಗುವ ಮೊದಲು ಡಿಎನ್‌ಎ ಎಳೆ ಬಿಡಿಸೋದು ಅಂತ ಹೇಳಿದೆ.

ಆಮೇಲೆ ಹುಳುಹುಡುಕ ಅವರ ಸಿಡಿಕೆಎನ್2ಎ ಕತೆ ಹೇಳಿದೆ. ಬೆಲ್ ಹೊಡೆದಮೇಲೂ ಬಾಗಿಲಲ್ಲಿ ನಿಂತು ಕೇಳಿದಳು: "ಎರಡು ಪ್ರೋಟೀನೂ ಓದುವ ಆ ತುಣುಕಿನಲ್ಲಿ ಒಂದು ಅಕ್ಷರ ಬದಲಾದರೆ ತಪ್ಪು ಒಂದೋ ಎರಡೋ?" ನಾಳೆ ಹೇಳ್ತೀನಿ ಅಂದಿದ್ದೇನೆ.

ಪಿಪೆಟ್_ಹಿಡಿದವ
ಡಿಎನ್‌ಎಯಲ್ಲಿ ಒಂದು. ಪ್ರೋಟೀನಿನಲ್ಲಿ ಕೆಲವು ಸಲ ಎರಡು, ಕೆಲವು ಸಲ ಒಂದೇ. ಮೂರು ಅಕ್ಷರಕ್ಕೆ ಒಂದು ಅಮೈನೋ ಆಮ್ಲ. ಆ ಅಕ್ಷರ ಒಂದು ಚೌಕಟ್ಟಿನಲ್ಲಿ ಮೂರನೆಯದಾಗಿ ಬಿದ್ದರೆ ಬದಲಾದರೂ ಎಷ್ಟೋ ಸಲ ಅದೇ ಅಮೈನೋ ಆಮ್ಲ ಬರುತ್ತೆ, ಆ ಪ್ರೋಟೀನಿಗೆ ಏನೂ ಆಗಲ್ಲ. ಅದೇ ಅಕ್ಷರ ಇನ್ನೊಂದು ಚೌಕಟ್ಟಿನಲ್ಲಿ ಮೊದಲನೆಯದೋ ಎರಡನೆಯದೋ ಆಗಿರುತ್ತೆ, ಅಲ್ಲಿ ಬಹುಪಾಲು ಅಮೈನೋ ಆಮ್ಲ ಬದಲಾಗುತ್ತೆ. ಸಂಕೇತಗಳ ಪಟ್ಟಿ ಅವಳ ಕೈಗೆ ಕೊಡಿ ಮೇಡಂ, ಅಂಥ ಅಕ್ಷರ ಅವಳೇ ಹುಡುಕಲಿ.